ತೊಲೆಯ ತುದಿ

ಮಳೆಗಾಲ ಬರುವ ಮುಂಚೆ ಮಾಳಿಗೆಗೆ ಮಣ್ಣು ಹಾಕುವುದು ಕನಮಡಿ, ತಿಕೋಟಾ, ಬಬಲೇಶ್ವರ ಕಡೆಯ ಮೇಲ್ಮುದ್ದಿ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕೆಲಸ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಗಟ್ಟಿಸಿದ ಮಣ್ಣು. ಮಳೆ ಕಡಿಮೆ, ಬಿಸಿಲು ವಿಪರೀತ ಇರುವ ಈ ಸೀಮೆಗೆ ತಕ್ಕ ತಂಪು ಮನೆ ಅದು. ಸೋರಿದರೆ ಇನ್ನಷ್ಟು ಬುಟ್ಟಿ ಮಣ್ಣು ಹೊತ್ತು ಹಾಕಿ ತುಳಿಯುತ್ತಾರೆ. ಹಳೆಯದನ್ನು ಕೆರೆದು ತೆಗೆಯುವವರು ಅಪರೂಪ.

ಲೆಕ್ಕ ಹಾಕಿ ನೋಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಖೋಲಿಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ 100 ಘನ ಅಡಿಯಾಯಿತು. ಒಣಗಿದ್ದಾಗಲೇ ನಾಲ್ಕೂವರೆ ಟನ್ನಿನಷ್ಟು ಭಾರ. ನಾಲ್ಕು ದಿನ ಜಿಟಿಜಿಟಿ ಹಿಡಿದರೆ ನೀರು ಕುಡಿದು ಇನ್ನೂ ತೂಗುತ್ತದೆ. ಅಜ್ಜ ತೊಲೆ ಏರಿಸಿದಾಗ ಇಷ್ಟು ಹೊರೆ ಇದ್ದಿರಲಿಕ್ಕಿಲ್ಲ. ಮನೆ ಉಳಿಯಲಿ ಅಂತಲೇ ಮಗ ಹಾಕಿದ, ಮೊಮ್ಮಗ ಹಾಕಿದ. ಕೇಡು ಬಯಸಿ ಯಾರೂ ಒಂದು ಬುಟ್ಟಿ ಹೊತ್ತಿಲ್ಲ.

ಕಟ್ಟಿಗೆ ಗಟ್ಟಿ ಇದೆಯೋ ಇಲ್ಲವೋ ತಿಳಿಯಲು ಯಂತ್ರ ಬೇಕಿಲ್ಲ. ಬಡಿಗೇರರು ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಒಳಗೆ ಒರಲೆ ತಿಂದಿದ್ದರೆ ಟೊಳ್ಳು ಸದ್ದು ಬರುತ್ತದೆ. ಸಂಶಯ ಬಂದಲ್ಲಿ ದಬ್ಬಣ ಚುಚ್ಚಿದರೆ ಗಟ್ಟಿ ಕಟ್ಟಿಗೆ ತಡೆಯುತ್ತದೆ, ಕೊಳೆತದ್ದು ಒಳಗೆ ಬಿಡುತ್ತದೆ. ಈ ತುದಿಯಿಂದ ಆ ತುದಿಗೆ ದಾರ ಎಳೆದು ಹಿಡಿದರೆ ತೊಲೆ ಎಷ್ಟು ಬಾಗಿದೆ ಅನ್ನುವುದೂ ಕಾಣುತ್ತದೆ. ಆದರೆ ನೋಡಬೇಕಾದ ಜಾಗ ನಡುವಲ್ಲ. ಎಣ್ಣೆ, ಹೊಗೆ ಹತ್ತಿ ಕರ್ರಗೆ ಮಿಂಚುವ ನಡುಭಾಗ ಬಹುಕಾಲ ಚೆನ್ನಾಗಿಯೇ ಇರುತ್ತದೆ. ಗೋಡೆಯೊಳಗೆ ಹೂತ ತುದಿ, ನೆಲ ಮುಟ್ಟುವ ಕಂಬದ ಬುಡ, ಇವು ಮೊದಲು ಹೋಗುವಂಥವು. ಅಲ್ಲಿ ಹಸಿ ನಿಲ್ಲುತ್ತದೆ, ಗಾಳಿಯಾಡುವುದಿಲ್ಲ, ಕಣ್ಣೂ ಹಾಯುವುದಿಲ್ಲ. ಕೂಡುಮನೆಯ ಹಿರಿಮಗನೂ ಹೀಗೇ. ಸಾಲ, ಮದುವೆ, ಆಸ್ಪತ್ರೆ ಎಲ್ಲ ಅವನ ಮೇಲೆ. ಅವನು ಮಾತಾಡದಿರುವುದನ್ನೇ ನಾವು ಅವನ ಗಟ್ಟಿತನ ಅಂದುಕೊಂಡು ಇನ್ನೊಂದು ಬುಟ್ಟಿ ಹಾಕುತ್ತೇವೆ.

"ಇಷ್ಟ ವರ್ಷ ನಿಂತೈತಿ, ಈಗೇನ ಬೀಳತೈತಿ?" ಈ ಮಾತು ಕೇಳದ ಓಣಿ ಇಲ್ಲ. ನಿಂತದ್ದು ನಿನ್ನೆಗೆ ಸಾಕ್ಷಿ, ನಾಳೆಗಲ್ಲ. ಹಾಗಂತ ಇದನ್ನು ದಡ್ಡತನ ಅಂತ ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ತಟ್ಟಿ ನೋಡಿದರೆ ಉತ್ತರ ಬರುತ್ತದೆ, ಉತ್ತರ ಬಂದಮೇಲೆ ರೊಕ್ಕ ಬೇಕಾಗುತ್ತದೆ. ಅದರ ಮೇಲೆ ಮನೆ ನಾಲ್ಕು ಜನ ಅಣ್ಣತಮ್ಮಂದಿರ ಹೆಸರಿನಲ್ಲಿ. ಒಬ್ಬ ಪುಣೆಯಲ್ಲಿ, ಒಬ್ಬ ವಿಜಯಪುರದಲ್ಲಿ. ಪಾಲಾಗದ ತೊಲೆಯನ್ನು ಬದಲಿಸುವವರು ಯಾರು? ದ್ರಾಕ್ಷಿಯ ದುಡ್ಡು ಕೈಗೆ ಬಂದವರು ಪಕ್ಕದಲ್ಲೇ ಸ್ಲ್ಯಾಬ್ ಮನೆ ಕಟ್ಟಿಕೊಳ್ಳುತ್ತಾರೆ, ಹಳೆಮನೆಯಲ್ಲಿ ಅಜ್ಜಿ ಉಳಿಯುತ್ತಾಳೆ. ಸರಕಾರದ ರೀತಿಯೂ ನಮ್ಮದೇ: 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಘೋಷಿಸಿತು. ಬೀಳುವ ಮುಂಚೆ ಆಸರೆ ಕೊಟ್ಟವನನ್ನು ಕೇಳುವವರಿಲ್ಲ.

2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ದಿನಗಳವರೆಗೂ ಸುರಿದಾಗ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಜನರ ಮೇಲೆ ಬಿದ್ದದ್ದು ಅವರ ಮನೆಯೇ. ಅದಕ್ಕೂ ಮೊದಲು, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ಸುತ್ತ ಭೂಮಿ ನಡುಗಿ ಸಾವಿರಾರು ಜನ ಕಲ್ಲುಮಣ್ಣಿನಡಿ ಹೋದರು. ಆಗ ಗೋಡೆ ಕುಸಿದರೂ ಕಟ್ಟಿಗೆಯ ಚೌಕಟ್ಟು ನಿಂತ ಮನೆಗಳೂ ಇದ್ದವು. ಇಂಥ ಮನೆಗಳನ್ನು ಬಲಪಡಿಸುವುದು ಹೇಗೆಂದು ತಜ್ಞರು ಹೇಳಿದ್ದರಲ್ಲಿ ಎರಡು ಮಾತು ನಮಗೂ ಸಲ್ಲುತ್ತವೆ: ಮಾಳಿಗೆಯ ಮಣ್ಣು ಇಳಿಸಿ, ಕಂಬಕ್ಕೂ ತೊಲೆಗೂ ನಡುವೆ ಓರೆ ಆಸರೆ ಬಿಗಿಯಿರಿ. ಆರ್‌ಸಿಸಿಯವರು ನಗುವುದು ಬೇಡ, ತುಕ್ಕು ಹಿಡಿದ ಕಬ್ಬಿಣವೂ ಸಿಮೆಂಟಿನ ಒಳಗೇ ಅಡಗಿರುತ್ತದೆ.

ಈ ಸಲ ರೋಹಿಣಿ ಮಳೆಗೆ ಮುಂಚೆ, ಮಣ್ಣಿನ ಬುಟ್ಟಿ ಎತ್ತುವ ಮೊದಲು, ಬಡಿಗೇರರನ್ನು ಕರೆದು ತೊಲೆಯ ತುದಿಗಳಿಗೆ ದಬ್ಬಣ ಚುಚ್ಚಿಸಿ. ಒಳಗಿಳಿದರೆ ಅಂದು ರಾತ್ರಿಯೇ ಅಜ್ಜಿಯ ಹಾಸಿಗೆ ಸ್ಲ್ಯಾಬ್ ಮನೆಗೆ ಬರಲಿ. ಪಾಲಿನ ಮಾತು, ರೊಕ್ಕದ ಮಾತು ಆಮೇಲೆ ಆಡಿಕೊಳ್ಳಿ.