ಉಸಿರು ಯಾರದು?



ಗೀತೆಯ ದ್ವಿತೀಯಾಧ್ಯಾಯದಲ್ಲಿ ಸ್ಥಿತಪ್ರಜ್ಞನ ಲಕ್ಷಣವನ್ನು ನಿರೂಪಿಸುವಾಗ ಭಗವಂತನು ಒಂದು ಸೂಕ್ಷ್ಮವಾದ ಮಾತನ್ನು ಅಪ್ಪಣೆ ಕೊಡಿಸಿದ್ದಾನೆ. ನಿರಾಹಾರನಾದವನಿಂದ ವಿಷಯಗಳೇನೋ ದೂರ ಸರಿಯುತ್ತವೆ, ಆದರೆ ಅವುಗಳಲ್ಲಿಯ ರುಚಿ ಹಾಗೆಯೇ ಉಳಿದಿರುತ್ತದೆ. ಪರಮಾತ್ಮನ ದರ್ಶನದಿಂದ ಮಾತ್ರ ಆ ರುಚಿಯೂ ನಿವೃತ್ತವಾಗುತ್ತದೆ ಎಂಬುದು ಅದರ ತಾತ್ಪರ್ಯ. ಆ ಶ್ಲೋಕವನ್ನು ನಾನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದೆ. ಅದರ ಅರ್ಥವನ್ನು ನನಗೆ ತಿಳಿಸಿಕೊಟ್ಟದ್ದು ಸಿಗರೇಟು.

ಮಠದ ಪತ್ರಿಕೆಯಲ್ಲಿ ಇಂತಹ ಪ್ರಸ್ತಾಪವೇಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಏಕಾದಶಿಯಂದು ನಿರ್ಜಲ ಉಪವಾಸವಿದ್ದು, ಮಧ್ಯಾಹ್ನ ಯಾರೂ ಕಾಣದಂತೆ ಮಹಡಿಗೆ ಹೋಗಿ ಸಿಗರೇಟು ಸೇದಿ ಬರುವವರು ನಮ್ಮಲ್ಲಿ ಯಾರೂ ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲವರು ಯಾರು? ನಾನೇ ಅಂತಹವನಾಗಿದ್ದೆ.

1983ರಲ್ಲಿ ರೈಲ್ವೆ ಸೇವೆಗೆ ಸೇರಿದೆ. ರಾತ್ರಿ ಪಾಳಿಯಲ್ಲಿ ನಿದ್ರೆ ಬಾರದಿರಲೆಂದು ಹಚ್ಚಿದ ಮೊದಲ ಸಿಗರೇಟು ಕ್ರಮೇಣ ದಿನಕ್ಕೆ ಎರಡು ಪ್ಯಾಕಾಯಿತು. ಯಾರಾದರೂ ಆಕ್ಷೇಪಿಸಿದರೆ, ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೇ ಧೂಮಪಾನದ ವಿಧಿ ಇದೆಯೆಂದು ವಾದಿಸುತ್ತಿದ್ದೆ. ಅಲ್ಲಿ ಹೇಳಿರುವುದು ಔಷಧದ್ರವ್ಯಗಳಿಂದ ಮಾಡಿದ ಬತ್ತಿಯ ಹೊಗೆ, ಅದೂ ನಿಯತಕಾಲದಲ್ಲಿ. ಅಕಾಲದಲ್ಲಿ, ಅತಿಯಾಗಿ ಸೇದಿದರೆ ಆಗುವ ಅನರ್ಥಗಳನ್ನೂ ಅಲ್ಲಿಯೇ ಹೇಳಿದೆ ಎಂಬುದನ್ನು ಮಾತ್ರ ಮರೆಮಾಚುತ್ತಿದ್ದೆ. ತಂಬಾಕಂತೂ ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರ ಹಡಗುಗಳು ಈ ಕಡಲತೀರಕ್ಕೆ ಬರುವ ಮೊದಲು ನಮ್ಮವರಿಗೆ ಅದರ ಹೆಸರೂ ತಿಳಿದಿರಲಿಲ್ಲ. ಶಾಸ್ತ್ರಜ್ಞಾನವು ಚಟದ ಸೇವೆಗೆ ನಿಂತರೆ ಎಷ್ಟು ಕೀಳಾಗುತ್ತದೆಂಬುದಕ್ಕೆ ನಾನೇ ದೃಷ್ಟಾಂತ.

1999ರ ಜುಲೈ 12ರಂದು ಕೇರಳದ ಉಚ್ಚ ನ್ಯಾಯಾಲಯವು ಕೊಚ್ಚಿಯಲ್ಲಿ ಒಂದು ಐತಿಹಾಸಿಕ ತೀರ್ಪನ್ನು ನೀಡಿತು. ನ್ಯಾಯಮೂರ್ತಿ ಎ. ಆರ್. ಲಕ್ಷ್ಮಣನ್ ಹಾಗೂ ನ್ಯಾಯಮೂರ್ತಿ ಕೆ. ನಾರಾಯಣ ಕುರುಪ್ ಅವರ ಪೀಠವು, ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಮಾಡುವುದು ಇತರರ ಜೀವಿಸುವ ಹಕ್ಕಿಗೆ ಚ್ಯುತಿಯೆಂದು ಘೋಷಿಸಿತು. ಇಡೀ ದೇಶಕ್ಕೆ ಕಾನೂನು ಬಂದದ್ದು ಆಮೇಲೆ, 2003ರಲ್ಲಿ. ಆಗ ನಾನು ಎರ್ನಾಕುಲದಲ್ಲಿದ್ದೆ. ರೈಲ್ವೆ ಅಧಿನಿಯಮದ 167ನೆಯ ಕಲಮಿನಂತೆ ಡಬ್ಬಿಯಲ್ಲಿ ಸೇದುವವರಿಗೆ ನೂರು ರೂಪಾಯಿಯವರೆಗೆ ದಂಡ ವಿಧಿಸಬಹುದೆಂದು ಕೈಕೆಳಗಿನವರಿಗೆ ಪಾಠ ಹೇಳುತ್ತಿದ್ದವನೂ ನಾನೇ. ತೀರ್ಪಿನ ಮರುದಿನದಿಂದ ಪ್ಲಾಟ್‌ಫಾರಂನಲ್ಲಿ ಸೇದುವುದನ್ನು ನಿಲ್ಲಿಸಿದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೇದತೊಡಗಿದೆ. ಕರ್ಮೇಂದ್ರಿಯಗಳನ್ನು ಬಿಗಿಹಿಡಿದು ಮನಸ್ಸಿನಲ್ಲಿ ವಿಷಯವನ್ನೇ ಚಿಂತಿಸುವವನನ್ನು ಭಗವಂತನು ಮಿಥ್ಯಾಚಾರನೆಂದು ಕರೆದಿದ್ದಾನೆ. ನಾನು ಕೈಯನ್ನೂ ಸಂಪೂರ್ಣವಾಗಿ ಬಿಗಿಹಿಡಿದವನಲ್ಲ!

ಕೇರಳದ ಗೂಡಂಗಡಿಗಳ ಕಂಬಕ್ಕೆ ಹಿಂದೆ ನಾರಿನ ಹಗ್ಗವೊಂದು ತೂಗುತ್ತಿತ್ತು. ದೂರದಿಂದ ನೋಡಿದರೆ ಬರಿಯ ಹಗ್ಗ. ತುದಿಯಲ್ಲಿ ಮಾತ್ರ ಕೆಂಡ. ಬೀಡಿ, ಸಿಗರೇಟನ್ನು ಅದಕ್ಕೆ ತಾಗಿಸಿ ಉಸಿರೆಳೆದರೆ ಸಾಕು, ಹೊತ್ತಿಕೊಳ್ಳುತ್ತಿತ್ತು. ವಿಷಯ ದೂರವಾದರೂ ಉಳಿಯುವ ರುಚಿಯೆಂದರೆ ಆ ಕೆಂಡವೇ. ನ್ಯಾಯಾಲಯವು ನಾಲ್ಕು ಜನರ ನಡುವೆ ಸೇದುವುದನ್ನು ತಡೆಯಬಲ್ಲದು; ಹಗ್ಗದ ತುದಿಯ ಕೆಂಡವನ್ನು ನಂದಿಸುವುದು ಅದರ ಅಧಿಕಾರವ್ಯಾಪ್ತಿಗೆ ಸೇರಿದ್ದಲ್ಲ.

ಮುಂದೆ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ನನ್ನ ಕೋಣೆಯಲ್ಲಿಯೇ ಎದುರು ಮೇಜಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಸಹಾಯಕರೊಬ್ಬರಿದ್ದರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಅವರಿಗೆ ಶ್ವಾಸಕೋಶದ ಅರ್ಬುದರೋಗ ಕಾಣಿಸಿಕೊಂಡಿತು. 1981ರಲ್ಲಿ ಸ್ಥಾಪಿತವಾದ ಅಲ್ಲಿಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೆ ಅವರನ್ನು ನೋಡಲು ಹೋದೆ. ಅರ್ಧ ತಾಸು ಕುಳಿತಿದ್ದೆ. ಅವರು ನನ್ನ ಕೈಬೆರಳುಗಳ ಚಡಪಡಿಕೆಯನ್ನು ಗಮನಿಸಿ, “ಸಾರ್, ನಿಮ್ಮ ಹೊತ್ತಾಯಿತು. ಹೊರಗೆ ಹೋಗಿ ಬನ್ನಿ, ನಾನು ಇಲ್ಲಿಯೇ ಇರುತ್ತೇನೆ” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅಷ್ಟು ವರ್ಷಗಳ ಅಭ್ಯಾಸದಿಂದ ಬಂದ ಸೌಜನ್ಯ. ಅವರ ರೋಗಕ್ಕೆ ನನ್ನ ಹೊಗೆಯೇ ಕಾರಣವೆಂದು ಯಾವ ವೈದ್ಯರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಪರರ ಹೊಗೆಯೂ ಅರ್ಬುದಕಾರಕವೆಂಬುದು ವೈದ್ಯಶಾಸ್ತ್ರದಲ್ಲಿ ನಿರ್ಣೀತವಾದ ವಿಷಯ. ಅವರು ಆ ವರ್ಷವೇ ತೀರಿಕೊಂಡರು.

ಅಂದು ಸಂಜೆ ಶ್ರೀಮದಾಚಾರ್ಯರು ದಕ್ಷಿಣಯಾತ್ರೆಯಲ್ಲಿ ಸಂದರ್ಶಿಸಿದ ಆ ಅನಂತಶಯನನ ಸನ್ನಿಧಿಯಲ್ಲಿ ನಿಂತಿದ್ದೆ. ಮೂರು ದ್ವಾರಗಳ ಮೂಲಕ ಸ್ವಾಮಿಯ ದರ್ಶನವಾಗುತ್ತದೆ. ನನ್ನ ಉಸಿರಿನ ದುರ್ಗಂಧ ನನಗೇ ಹೊಡೆಯುತ್ತಿತ್ತು. ಆಗ ನಮ್ಮ ಸಂಪ್ರದಾಯದ ಒಂದು ಪ್ರಮೇಯ ನೆನಪಿಗೆ ಬಂತು. ನಾವು ಹಗಲಿರುಳು ಸೇರಿ ಬಿಡುವ 21,600 ಉಸಿರುಗಳೂ ನಮ್ಮವಲ್ಲ. ನಮ್ಮೊಳಗಿದ್ದು ಮುಖ್ಯಪ್ರಾಣದೇವರು ಮಾಡುವ ಹಂಸಮಂತ್ರದ ಜಪವದು. ನಿದ್ರೆಯಲ್ಲಿಯೂ ನಿಲ್ಲದ ಆ ಜಪದ ಗುಡಿಗೆ ನಾನು ಇಪ್ಪತ್ತನಾಲ್ಕು ವರ್ಷ ಹೊಗೆ ಹಾಕಿದೆ. ಎದುರಿಗಿದ್ದವರ ಗುಡಿಗೂ ಹಾಕಿದೆ. ನನ್ನ ದೇಹ, ನನ್ನ ಇಚ್ಛೆ ಎಂದು ವಾದಿಸುತ್ತಿದ್ದವನಿಗೆ ಉಸಿರೇ ತನ್ನದಲ್ಲವೆಂದು ತಿಳಿದಾಗ ವಾದಕ್ಕೆ ಸ್ಥಳವೆಲ್ಲಿ?

ಆದರೆ ಸಜ್ಜನರೇ, ಅಂದೇ ಬಿಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ನಿಕೋಟಿನ್ ಎಂಬ ವಿಷವು ಸೇದಿದ ಸುಮಾರು ಹತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಅದು ಸಿಗದಿದ್ದಾಗ ಸಿಡುಕು, ಅನಿದ್ರೆ, ತಲೆನೋವು. ಮೊದಲ ಎರಡು ಮೂರು ದಿನ ಮನೆಮಂದಿಯೆಲ್ಲ ನನ್ನಿಂದ ದೂರವೇ ಇದ್ದರು. ಹತ್ತೊಂಬತ್ತು ದಿನ ಕಳೆದೆ. ಮುಂಗಾರಿನ ಒಂದು ರಾತ್ರಿ ಹಳಿಯ ಮೇಲೆ ಮರ ಬಿದ್ದು ಗಾಡಿಗಳೆಲ್ಲ ನಿಂತವು. ಬೆಳಗಾಗುವಷ್ಟರಲ್ಲಿ ನಾಲ್ಕು ಸಿಗರೇಟು ಸೇದಿಯಾಗಿತ್ತು. ಮನೆಗೆ ಬಂದು ತಲೆ ತಗ್ಗಿಸಿ ಕುಳಿತಾಗ ನನ್ನ ಧರ್ಮಪತ್ನಿ, “ಹತ್ತೊಂಬತ್ತು ದಿನ ಬಿಟ್ಟದ್ದು ಸುಳ್ಳಾಗಲಿಲ್ಲವಲ್ಲ. ಸ್ನಾನ ಮಾಡಿ ಬಂದು ಮತ್ತೆ ಸಂಕಲ್ಪ ಮಾಡಿರಿ” ಎಂದಳು.

ಸಂಕಲ್ಪ ಎಂಬ ಆ ಶಬ್ದವೇ ನನ್ನ ಕಣ್ಣು ತೆರೆಯಿಸಿತು. ನಿತ್ಯವೂ ನಾವು ಮಾಡುವ ಸಂಕಲ್ಪದಲ್ಲಿ ವಿಷ್ಣುವಿನ ಪ್ರೇರಣೆಯಿಂದ ಎಂದು ಮೊದಲು, ಮಾಡುತ್ತೇನೆ ಎಂದು ಕೊನೆಗೆ ಹೇಳುತ್ತೇವೆ. ಜೀವನು ಕರ್ತೃವೇ, ಇಲ್ಲವಾದರೆ ಶಾಸ್ತ್ರದ ವಿಧಿನಿಷೇಧಗಳು ವ್ಯರ್ಥ. ಆದರೆ ಆ ಕರ್ತೃತ್ವವು ಪರಮಾತ್ಮಾಧೀನ ಎಂಬುದು ಬ್ರಹ್ಮಸೂತ್ರಗಳ ನಿರ್ಣಯ. ನಾನು ಎಷ್ಟೋ ವರ್ಷ ಕೊನೆಯ ಶಬ್ದವನ್ನು ಮಾತ್ರ ಹಿಡಿದು, ಬೇಕೆಂದಾಗ ಬಿಡಬಲ್ಲೆನೆಂದು ಬೀಗಿದ್ದೆ. ಬಿದ್ದಾಗಲೆಲ್ಲ ಮೊದಲ ಶಬ್ದವನ್ನು ಮಾತ್ರ ಹಿಡಿದು, ದೇವರು ಬಿಡಿಸಿದಾಗ ಬಿಟ್ಟೀತೆಂದು ಸೋಮಾರಿಯಾಗಿದ್ದೆ. ಒಂದು ಅಹಂಕಾರ, ಇನ್ನೊಂದು ಆತ್ಮವಂಚನೆ. ಎರಡನ್ನೂ ಸೇರಿಸಿ ಹೇಳಿದ ದಿನದಿಂದ ಸಂಕಲ್ಪವು ಸಂಕಲ್ಪವಾಯಿತು.

ಸೆಳೆತ ಬಂದಾಗಲೆಲ್ಲ ಹರಿವಾಯುಸ್ತುತಿಯನ್ನು ಮೆಲ್ಲನೆ ಹೇಳುತ್ತಿದ್ದೆ. ಒಂದೊಂದು ಸೆಳೆತವೂ ಇರುವುದು ಕೆಲವೇ ನಿಮಿಷ. ಸ್ತುತಿ ಮುಗಿಯುವ ಮೊದಲೇ ಅದು ಇಳಿದಿರುತ್ತಿತ್ತು. ಆಮೇಲೂ ಇನ್ನೊಮ್ಮೆ ಬಿದ್ದೆ, ಎದ್ದೆ. ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ಮನ್ನೂ ಕೆಲವು ವಾರ ಅಗಿದೆ. ಔಷಧ ಸೇವಿಸಿದರೆ ಭಕ್ತಿಗೆ ಕುಂದೆಂದು ಭಾವಿಸಬೇಕಾಗಿಲ್ಲ. ಔಷಧದಲ್ಲಿ ಶಕ್ತಿಯನ್ನಿಟ್ಟವನೂ ಅವನೇ. 2007ರ ಕೊನೆಯಲ್ಲಿ ಸೇದಿದ್ದೇ ಕಡೆಯದು. ಆರೇಳು ತಿಂಗಳ ತರುವಾಯ ಸಂಧ್ಯಾವಂದನೆಯ ಪ್ರಾಣಾಯಾಮದಲ್ಲಿ ಕೆಮ್ಮಿಲ್ಲದೆ ಕುಂಭಕ ನಿಂತಿತು. ಅಂದು ಉಸಿರಿನಲ್ಲಿ ಹುಟ್ಟಿದ ರುಚಿಯ ಮುಂದೆ ಹಳೆಯ ರುಚಿ ಸಪ್ಪೆಯಾಯಿತು. ಪರಮಾತ್ಮನ ಸಾಕ್ಷಾತ್ಕಾರವೆಲ್ಲಿ, ನನ್ನಂತಹ ಅಲ್ಪನೆಲ್ಲಿ! ಆದರೂ ಅವನತ್ತ ಒಂದು ಹೆಜ್ಜೆಯಿಟ್ಟವನ ಕೆಂಡದ ಮೇಲೆ ಅವನೇ ಒಂದು ಹನಿ ನೀರು ಹಾಕುತ್ತಾನೆ.

ಆದುದರಿಂದ ಈ ಚಟದಲ್ಲಿ ಸಿಲುಕಿದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಚ್ಚಿಡಬೇಡಿರಿ, ಮನೆಯವರಿಗೆ ಹೇಳಿರಿ, ವೈದ್ಯರಲ್ಲಿಗೆ ಹೋಗಿರಿ. 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲದೆ ಕರೆಮಾಡಬಹುದು. ಬಿಟ್ಟ ಒಂದು ವರ್ಷದಲ್ಲಿ ಹೃದ್ರೋಗದ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ವೈದ್ಯರು ಹೇಳುತ್ತಾರೆ. ಬಿದ್ದರೆ ಮರುದಿನ ಬೆಳಿಗ್ಗೆ ಪುನಃ ಸಂಕಲ್ಪ ಮಾಡಿರಿ. ಮನೆಯವರು ಬಿದ್ದವನನ್ನು ಹಂಗಿಸದಿರಲಿ.

ಆ ಸಹಾಯಕರ ಹೆಸರನ್ನು ನಾನು ಪ್ರತಿದಿನ ಸಂಧ್ಯಾವಂದನೆಯ ಕೊನೆಗೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಇದು ಪ್ರಾಯಶ್ಚಿತ್ತವಾಗುತ್ತದೆಯೋ ಇಲ್ಲವೋ ಸರ್ವಜ್ಞನಾದ ಶ್ರೀಹರಿಯೇ ಬಲ್ಲ. ಅವರು ಎಳೆದುಕೊಂಡ ಹೊಗೆಯನ್ನು ನಾನು ಹಿಂದಕ್ಕೆ ಪಡೆಯಲಾರೆ. ನೀವಾದರೋ ಇಂದು ಹಚ್ಚಬೇಕೆಂದಿರುವ ಸಿಗರೇಟನ್ನು ಹಚ್ಚದೆ ಇರಬಲ್ಲಿರಿ.

ಶ್ರೀ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು.