ಕೆಟ್ಟುದು ಯಂತ್ರವೋ, ಸಾಕೆಂಬ ಬುದ್ಧಿಯೋ?

ಗೃಹಸ್ಥನ ಶೀಲಕ್ಕೆ ಪರೀಕ್ಷೆಯು ದೊಡ್ಡ ಸಂದರ್ಭಗಳಲ್ಲಿ ಮಾತ್ರ ಒದಗುತ್ತದೆಂದು ತಿಳಿಯುವುದು ಸರಿಯಲ್ಲ. ಮದುವೆ, ಮರಣ, ಆಸ್ತಿಯ ಪಾಲು ಮೊದಲಾದ ಪ್ರಸಂಗಗಳಲ್ಲಿ ಮನುಷ್ಯನು ಹತ್ತು ಜನರ ಕಣ್ಣೆದುರಿಗೆ ಇರುವುದರಿಂದ ಎಚ್ಚರದಿಂದಲೇ ನಡೆಯುತ್ತಾನೆ. ಯಾರ ಲಕ್ಷ್ಯಕ್ಕೂ ಬಾರದಂತೆ ಮನೆಯೊಳಗೆ ಒಂದು ವಸ್ತುವು ಕೆಟ್ಟಾಗ ಅವನು ಏನು ಮಾಡುತ್ತಾನೆಂಬುದರಲ್ಲಿ ಅವನ ಒಳಗು ಹೊರಗೆ ಕಾಣುತ್ತದೆ. ಹಿಂದಿನವರಿಗೆ ಈ ವಿಷಯದಲ್ಲಿ ಹೆಚ್ಚು ಆಲೋಚಿಸಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ಕೊಡ ತೂತಾದರೆ ಬೆಸುಗೆ, ಕೌದಿ ಹರಿದರೆ ತೇಪೆ, ಕುಡುಗೋಲು ಮೊಂಡಾದರೆ ಕಮ್ಮಾರನ ಕುಲುಮೆ. ವಸ್ತುವು ತೀರ ಸವೆದು ಹೋಗುವವರೆಗೆ ಅದು ಮನೆಯದೇ ಆಗಿರುತ್ತಿತ್ತು. ಈಗಿನ ಮನೆಗಳಲ್ಲಿ ಪ್ರಶ್ನೆಯು ಬೇರೆ ರೂಪದಿಂದ ಬಂದು ನಿಲ್ಲುತ್ತದೆ: ಕೆಟ್ಟುಹೋದ ಸ್ಮಾರ್ಟ್ ಟಿ.ವಿ.ಯನ್ನು ದುರಸ್ತಿ ಮಾಡಿಸುವುದೋ, ಹೊಸದನ್ನೇ ತರುವುದೋ? ಇದು ಕೇವಲ ಖರ್ಚಿನ ಪ್ರಶ್ನೆಯಂತೆ ತೋರುವುದುಂಟು. ವಿಚಾರಿಸಿ ನೋಡಿದರೆ ಇದರಲ್ಲಿ ಧರ್ಮದ ಪ್ರಶ್ನೆಯೂ ಅಡಗಿದೆ.

ನಿದರ್ಶನಕ್ಕಾಗಿ ಒಬ್ಬ ನಿವೃತ್ತ ಉಪಾಧ್ಯಾಯರ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಂತಹ ಮನೆ ಯಾವ ಊರಿನಲ್ಲಿಯಾದರೂ ಇದ್ದೀತು. ಆರು ವರ್ಷಗಳ ಹಿಂದೆ ಕೊಂಡ 43 ಅಂಗುಲದ ಟಿ.ವಿ.ಯು ಒಂದು ಸಂಜೆ ಇದ್ದಕ್ಕಿದ್ದಂತೆ ಕತ್ತಲಾಯಿತು. ಧ್ವನಿಯು ಬರುತ್ತಿದೆ, ಚಿತ್ರವು ಕಾಣದು. ಮಗನು ಒಡನೆಯೇ ಮೊಬೈಲಿನಲ್ಲಿ 55 ಅಂಗುಲದ ಹೊಸ ಟಿ.ವಿ.ಗಳ ಬೆಲೆಯನ್ನು ನೋಡತೊಡಗಿದನು. ಬಡ್ಡಿಯಿಲ್ಲದ ಕಂತು, ಹಬ್ಬದ ರಿಯಾಯಿತಿ, ಹಳೆಯದನ್ನು ಕೊಟ್ಟರೆ ಒಂದಿಷ್ಟು ವಜಾ. ತಂದೆಯು ಮಾತ್ರ, ಎಷ್ಟೇ ಖರ್ಚಾಗಲಿ ಹಳೆಯದನ್ನೇ ಸರಿಪಡಿಸತಕ್ಕದ್ದೆಂದು ಹಟ ಹಿಡಿದರು. ಕಣ್ಣು ಮಂದವಾಗಿರುವ ಅಜ್ಜಿಯು ಏನನ್ನೂ ಹೇಳದೆ ಬರಿಯ ಧ್ವನಿಯನ್ನೇ ಕೇಳುತ್ತ ಕುಳಿತಿದ್ದಳು. ಆಗ ಅಡುಗೆಮನೆಯಿಂದ ಬಂದ ಸೊಸೆಯು, “ಕೆಟ್ಟಿರೋದು ಏನು ಅಂತ ಮೊದಲು ತಿಳೀಬೇಡವೇ ಮಾವನೋರೇ?” ಎಂದು ಕೇಳಿದಳು.

ತಂದೆ, ಮಗ ಇಬ್ಬರ ತೀರ್ಮಾನವೂ ವಿಚಾರಕ್ಕೆ ಮೊದಲೇ ಆಗಿಹೋಗಿತ್ತು. ಒಬ್ಬರದು ಹೊಸತರ ಮೋಹ, ಇನ್ನೊಬ್ಬರದು ಹಳತರ ಹಟ. ಆ ಮಾತಿನಿಂದ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು.

ನಾಡಿಯನ್ನು ಹಿಡಿಯದೆ ಮದ್ದು ಕೊಡುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ಯಂತ್ರದ ರೋಗಕ್ಕೂ ಲಕ್ಷಣಗಳುಂಟು. ಧ್ವನಿಯಿದ್ದು ಚಿತ್ರವಿಲ್ಲದಾಗ, ಕತ್ತಲೆಯ ಕೋಣೆಯಲ್ಲಿ ಪರದೆಯ ಮೇಲೆ ಓರೆಯಾಗಿ ಟಾರ್ಚಿನ ಬೆಳಕನ್ನು ಬಿಟ್ಟು ನೋಡಬೇಕು. ಮಸುಕಾಗಿ ಚಿತ್ರದ ನೆರಳು ಕಂಡಿತಾದರೆ ಪರದೆಯು ಚೆನ್ನಾಗಿಯೇ ಇದೆ. ಅದರ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟಿನ ಎಲ್‌ಇಡಿ ಪಟ್ಟಿಯೋ, ಆ ಪಟ್ಟಿಗೆ ವಿದ್ಯುತ್ತನ್ನು ಒದಗಿಸುವ ಭಾಗವೋ ಕೆಟ್ಟಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಸಿಡಿಲು ಮಿಂಚಿನ ದಿನ ಅಥವಾ ವಿದ್ಯುತ್ತು ಏರಿಳಿದ ಮೇಲೆ ಟಿ.ವಿ.ಯು ಸಂಪೂರ್ಣವಾಗಿ ನಿಶ್ಚೇಷ್ಟಿತವಾದರೆ ವಿದ್ಯುತ್ ಪೂರೈಸುವ ಪವರ್ ಬೋರ್ಡಿನ ಮೇಲೆ ಮೊದಲ ಸಂಶಯ. ಇವೆರಡೂ ಸಾಮಾನ್ಯವಾಗಿ ದುರಸ್ತಿಗೆ ಬಗ್ಗುವ ರೋಗಗಳು. ಪರದೆಯೇ ಒಡೆದಿದ್ದರೆ ಮಾತು ಬೇರೆ. ಟಿ.ವಿ.ಯ ಬೆಲೆಯ ಬಹುಭಾಗವು ಆ ಗಾಜಿನ ಪರದೆಯಲ್ಲಿಯೇ ಇರುವುದರಿಂದ ಅದನ್ನು ಬದಲಿಸುವ ಖರ್ಚು ಹೊಸ ಟಿ.ವಿ.ಯ ಬೆಲೆಯ ಸಮೀಪಕ್ಕೇ ಹೋಗುವುದುಂಟು. ಯಾವ ಸ್ಥಿತಿಯಲ್ಲಿಯೂ ಮನೆಯವರು ತಾವೇ ಹಿಂಬದಿಯನ್ನು ಬಿಚ್ಚಲಾಗದು. ವಿದ್ಯುತ್ತಿನ ಸಂಪರ್ಕವನ್ನು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಇನ್ನೊಂದು ಬಗೆಯ ರೋಗವು ಈ ಕಾಲದ್ದೇ ಆಗಿದೆ. ಪರದೆಯು ಸರಿಯಾಗಿದೆ, ಧ್ವನಿಯು ಸರಿಯಾಗಿದೆ. ಆದರೆ ಆ್ಯಪುಗಳು ತೆರೆಯುವುದಿಲ್ಲ, ತೆರೆದರೂ ತಡವರಿಸುತ್ತವೆ. ತಯಾರಕರು ಕೆಲವು ವರ್ಷಗಳಾದ ಮೇಲೆ ತಂತ್ರಾಂಶವನ್ನು ಪರಿಷ್ಕರಿಸುವುದನ್ನು ನಿಲ್ಲಿಸುವುದರಿಂದ ಹೀಗಾಗುತ್ತದೆ. ಮನುಷ್ಯನಲ್ಲಿ ದೇಹಕ್ಕೆ ಮುಪ್ಪು ಬಂದರೂ ಬುದ್ಧಿಯು ಬೆಳೆಯುವುದುಂಟು. ಈ ಯಂತ್ರದಲ್ಲಿ ದೇಹವು ಗಟ್ಟಿಯಾಗಿರುವಾಗಲೇ ಬುದ್ಧಿಗೆ ಮುಪ್ಪು ಬರುತ್ತದೆ. ಇಷ್ಟಕ್ಕಾಗಿ ಟಿ.ವಿ.ಯನ್ನೇ ತೊರೆಯುವುದು ದೀಪದ ಬತ್ತಿ ಸುಟ್ಟಿತೆಂದು ಕಂಬವನ್ನೇ ಎಸೆದಂತೆ. ಹಿಂದಿನ ಎಚ್‌ಡಿಎಂಐ ಕಿಂಡಿಗೆ ಒಂದು ಸಣ್ಣ ಸ್ಟ್ರೀಮಿಂಗ್ ಸ್ಟಿಕ್ಕನ್ನು ಸಿಕ್ಕಿಸಿದರೆ ಹಳೆಯ ಪರದೆಗೆ ಹೊಸ ಬುದ್ಧಿಯು ಬರುತ್ತದೆ.

ರೋಗವು ತಿಳಿದ ಮೇಲೆ ಲೆಕ್ಕ. ದುರಸ್ತಿಯ ಖರ್ಚು ಹೊಸದರ ಬೆಲೆಯ ಅರ್ಧಕ್ಕಿಂತ ಹೆಚ್ಚಾದರೆ ಬಿಟ್ಟುಬಿಡಬೇಕೆಂದು ಲೋಕದಲ್ಲಿ ಒಂದು ಸ್ಥೂಲವಾದ ಮಾತಿದೆ. ಅದಕ್ಕಿಂತ ಸೂಕ್ಷ್ಮವಾದ ಲೆಕ್ಕವೆಂದರೆ ವರ್ಷವೊಂದಕ್ಕೆ ಬೀಳುವ ಖರ್ಚು. ಹೊಸ ಟಿ.ವಿ.ಗೆ 30,000 ರೂಪಾಯಿಯಾಗಿ, ಅದು 8 ವರ್ಷ ಬಾಳುವುದಾದರೆ ವರ್ಷಕ್ಕೆ 3,750 ರೂಪಾಯಿ. ಬ್ಯಾಕ್‌ಲೈಟನ್ನು ಬದಲಿಸಲು 3,500 ರೂಪಾಯಿಯಾಗಿ, ಟಿ.ವಿ.ಯು ಇನ್ನೆರಡು ವರ್ಷ ನಡೆದರೂ ವರ್ಷಕ್ಕೆ 1,750 ರೂಪಾಯಿ ಮಾತ್ರ. ಪರದೆಗಾಗಿ 18,000 ರೂಪಾಯಿ ಕೊಟ್ಟು ಮೂರೇ ವರ್ಷ ನಡೆದರೆ ವರ್ಷಕ್ಕೆ 6,000 ರೂಪಾಯಿಯಾಗುತ್ತದೆ. ಅಲ್ಲಿ ದುರಸ್ತಿಯೇ ದುಂದು. ಅಂಕೆಗಳು ಮನೆಯಿಂದ ಮನೆಗೆ ಬದಲಾದಾವು, ಲೆಕ್ಕದ ರೀತಿಯು ಬದಲಾಗದು. ಮಗನ ಹಟವನ್ನಾಗಲಿ ತಂದೆಯ ಹಟವನ್ನಾಗಲಿ ಈ ಲೆಕ್ಕವು ಲಕ್ಷಿಸುವುದಿಲ್ಲ.

ಆದರೂ ಎಷ್ಟೋ ಮನೆಗಳಲ್ಲಿ ಲೆಕ್ಕವು ಒಂದು ಕಡೆಗೆ ಹೇಳಿದರೆ ಮನಸ್ಸು ಮತ್ತೊಂದು ಕಡೆಗೆ ಎಳೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ.ಯು ಶೇಕಡಾ 28ರಿಂದ 18ಕ್ಕೆ ಇಳಿದಾಗ, ಚೆನ್ನಾಗಿ ನಡೆಯುತ್ತಿದ್ದ ಟಿ.ವಿ.ಗಳು ಕೂಡ ತಮ್ಮ ಒಡೆಯರ ಕಣ್ಣಿಗೆ ಹಳತಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಬೆಲೆ ಇಳಿದುದು ಅಂಗಡಿಯಲ್ಲಿ; ಅಗತ್ಯವು ಏರಿದುದು ಮನಸ್ಸಿನಲ್ಲಿ. ಬಡ್ಡಿಯಿಲ್ಲದ ಕಂತೆಂಬುದೂ ಹಾಗೆಯೇ. ಶೂನ್ಯ ಬಡ್ಡಿಯೆಂಬುದು ವಸ್ತುತಃ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಸಿತು. ಸಂಸ್ಕರಣಾ ಶುಲ್ಕದ ರೂಪದಿಂದಲೋ, ಕಳೆದುಕೊಂಡ ರಿಯಾಯಿತಿಯ ರೂಪದಿಂದಲೋ ಬಡ್ಡಿಯು ಬೇರೆ ವೇಷದಲ್ಲಿ ಬಂದೇ ಬರುತ್ತದೆ. ಇನ್ನೂ ಗಳಿಸದ ದುಡಿಮೆಯನ್ನು ಇಂದೇ ಮಾರಿಕೊಂಡು ತಂದ ವಸ್ತುವಿನೆದುರು ನೆಮ್ಮದಿಯಿಂದ ಕುಳಿತುಕೊಳ್ಳುವುದು ಸುಲಭವಲ್ಲ.

ಈ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಸ್ಮರಿಸುವುದು ಉಚಿತವಾಗಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಇಂದೇಕೆ ಹೆಚ್ಚು ತಂದೆಯೆಂದು ಗಂಡನನ್ನು ಪ್ರಶ್ನಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಅಕ್ಕಿಯು ಕದ್ದುದಲ್ಲ, ಬೇಡಿದುದಲ್ಲ. ದೋಷವು ಅಕ್ಕಿಯಲ್ಲಿರಲಿಲ್ಲ, ಅದನ್ನು ಹೆಚ್ಚಾಗಿ ಎತ್ತಿಕೊಂಡ ಕೈಯ ಹಿಂದಿನ ಮನಸ್ಸಿನಲ್ಲಿತ್ತು. ಹೆಚ್ಚನ್ನು ತರಲು ಸಾಧ್ಯವಾಯಿತೆಂಬುದು ತರುವುದಕ್ಕೆ ಕಾರಣವಾಗಲಾರದೆಂಬುದೇ ಆ ತಾಯಿಯ ತೀರ್ಪಿನ ತಿರುಳು. ಕೊಳ್ಳುವ ಶಕ್ತಿಯಿದೆಯೆಂಬ ಮಾತ್ರಕ್ಕೆ ಕೊಳ್ಳುವ ಗೃಹಸ್ಥನಿಗೂ ಅದೇ ಪ್ರಶ್ನೆಯನ್ನು ಹಾಕಬಹುದು: ಕೆಟ್ಟುದು ಬ್ಯಾಕ್‌ಲೈಟೋ, ಸಾಕೆಂಬ ಬುದ್ಧಿಯೋ? ಬ್ಯಾಕ್‌ಲೈಟು ಕೆಟ್ಟಿದ್ದರೆ ಅದನ್ನು ಸರಿಪಡಿಸುವವರು ಪೇಟೆಯಲ್ಲಿದ್ದಾರೆ. ಸಾಕೆಂಬ ಬುದ್ಧಿಯು ಕೆಟ್ಟಿದ್ದರೆ 55 ಅಂಗುಲದ ಟಿ.ವಿ.ಯಿಂದಲೂ ಅದು ಸರಿಯಾಗದು. 65 ಅಂಗುಲದ್ದು ಆಗಲೇ ಅಂಗಡಿಯಲ್ಲಿ ಕಾದಿರುತ್ತದೆ.

ದುರಸ್ತಿಯು ಒಂದು ಕಾಯಕವೆಂಬುದನ್ನೂ ಮರೆಯಬಾರದು. ಸಣ್ಣ ಪೇಟೆಯೊಂದರ ಅಂಗಡಿಯಲ್ಲಿ ಬೆಸುಗೆಯ ಕಡ್ಡಿಯನ್ನು ಹಿಡಿದು ಕುಳಿತವನು ಹಿಂದೆ ರೇಡಿಯೋವನ್ನು ಬಿಚ್ಚಿದನು, ಆಮೇಲೆ ದಪ್ಪ ಕೊಳವೆಯ ಟಿ.ವಿ.ಯನ್ನು ಕಲಿತನು, ಈಗ ತೆಳ್ಳನೆಯ ಪರದೆಯ ಹಿಂದಿನ ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾನೆ. ಸತ್ತುದೆಂದು ತಂದ ಯಂತ್ರದಲ್ಲಿ ಬದುಕಿರುವ ಭಾಗ ಯಾವುದೆಂದು ಹುಡುಕುವುದೇ ಅವನ ವಿದ್ಯೆ. ಅವನ ಕೈಗೆ ಕೊಟ್ಟ ಹಣವು ಅದೇ ಪೇಟೆಯ ಕಿರಾಣಿ ಅಂಗಡಿಗೆ, ಅವನ ಮಕ್ಕಳ ಶಾಲೆಗೆ ಹೋಗುತ್ತದೆ. ಆದರೆ ಕಾಯಕಕ್ಕೆ ಸತ್ಯಶುದ್ಧಿಯು ಬೇಕು. ಬದಲಿಸಿದ ಹಳೆಯ ಭಾಗವನ್ನು ಕೇಳುವ ಮೊದಲೇ ತೋರಿಸುವುದು, ಹಾಕಿದ ಭಾಗಕ್ಕೆ ಇಷ್ಟು ತಿಂಗಳ ಭರವಸೆಯೆಂದು ಬರೆದುಕೊಡುವುದು, ಆಗದುದನ್ನು ಆಗದೆಂದು ಹೇಳುವುದು ಅವನ ಧರ್ಮ. ಅರ್ಧ ಗಂಟೆಯ ಕೆಲಸಕ್ಕೆ ಇಷ್ಟೇಕೆಂದು ಚೌಕಾಸಿ ಮಾಡದಿರುವುದು ಕೊಡುವವನ ಧರ್ಮ. ಆ ಅರ್ಧ ಗಂಟೆಯ ಹಿಂದೆ ಹಲವು ವರ್ಷಗಳ ಕಲಿಕೆಯಿರುತ್ತದೆ. ದುರಸ್ತಿಗೆ ಬೇಕಾದ ಮಾಹಿತಿಯು ಬಳಕೆದಾರರಿಗೆ ದೊರೆಯಲೆಂದು ಕೇಂದ್ರ ಸರಕಾರವು 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಎಂಬ ಜಾಲತಾಣವನ್ನು ಆರಂಭಿಸಿತು. ಸರಿಪಡಿಸುವ ಹಕ್ಕನ್ನು ಕೇಳಿ ಪಡೆಯಬೇಕಾದ ಕಾಲವು ಬಂದಿದೆಯೆಂಬುದೇ ವಸ್ತುಗಳು ಹೇಗೆ ತಯಾರಾಗುತ್ತಿವೆಯೆಂಬುದಕ್ಕೆ ಸಾಕ್ಷಿ.

ಇನ್ನು ಮನೆಯಿಂದ ಹೊರಟ ಹಳೆಯ ಟಿ.ವಿ.ಯು ಎಲ್ಲಿಗೆ ಹೋಗುತ್ತದೆ? ಬಾಗಿಲು ದಾಟಿದೊಡನೆ ಅದು ಇಲ್ಲವಾಗುವುದಿಲ್ಲ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇಲೆಕ್ಟ್ರಾನಿಕ್ ಕಸವು ಉತ್ಪನ್ನವಾಯಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆಯಿರುವುದು ಅದರ ಕಾಲುಭಾಗಕ್ಕೂ ಇಲ್ಲ. ಉಳಿದುದರಲ್ಲಿ ಬಹಳಷ್ಟು ದೆಹಲಿಯ ಸೀಲಂಪುರದಂತಹ ಬಡಾವಣೆಗಳನ್ನು ಸೇರುತ್ತದೆ. ಅಲ್ಲಿ ಬಡವರು ಬರಿಗೈಯಿಂದ ಬೋರ್ಡುಗಳನ್ನು ಬಿಡಿಸಿ, ತಾಮ್ರಕ್ಕಾಗಿ ತಂತಿಗಳನ್ನು ಸುಟ್ಟು ಆ ಹೊಗೆಯನ್ನು ಸೇವಿಸುತ್ತಾರೆ. ಬೆಸುಗೆಯ ಸೀಸ, ಹಳೆಯ ಎಲ್‌ಸಿಡಿ ಪರದೆಗಳ ದೀಪದಲ್ಲಿರುವ ಪಾದರಸ ಇವು ನೆಲಕ್ಕೂ ನೀರಿಗೂ ಇಳಿಯುತ್ತವೆ. ಒಂದು ಮನೆಯ ಸಂಭ್ರಮಕ್ಕೆ ಮತ್ತೊಂದು ಮನೆಯ ಶಿಶುವು ಕೆಮ್ಮುವುದಾದರೆ ದಯೆಯೆಂಬ ಮಾತಿಗೆ ಅರ್ಥವೇನು? 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಟಿ.ವಿ.ಗಳನ್ನು ತಯಾರಿಸುವವರ ಮೇಲೆ ಮರುಬಳಕೆಯ ಹೊಣೆಯನ್ನು ಹೊರಿಸಿವೆ. ಆದುದರಿಂದ ತೊರೆಯಲೇಬೇಕಾದ ಟಿ.ವಿ.ಯನ್ನು ತಳ್ಳುಗಾಡಿಯವನಿಗೆ ತೂಕಕ್ಕೆ ಹಾಕದೆ ಅಧಿಕೃತ ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸುವುದು ಗೃಹಸ್ಥನ ಕರ್ತವ್ಯ. ಅದಕ್ಕೆ ಮೊದಲು ಅದರಲ್ಲಿ ಉಳಿದಿರುವ ಮನೆಯವರ ಖಾತೆಗಳನ್ನೂ ಸಂಕೇತಪದಗಳನ್ನೂ ಅಳಿಸಿಹಾಕಬೇಕು.

ಕೆಟ್ಟ ಟಿ.ವಿ.ಯನ್ನು ಬಡವನೊಬ್ಬನಿಗೆ ಕೊಟ್ಟು ಪುಣ್ಯವನ್ನು ಕಟ್ಟಿಕೊಳ್ಳುವವರೂ ಉಂಟು. ಅದು ಗೊಡ್ಡು ಹಸುವಿನ ದಾನ. ಕೊಡುವುದಾದರೆ ಸರಿಪಡಿಸಿ ಕೊಡಬೇಕು. ತನಗೆ ಹೊರೆಯಾದುದನ್ನು ಇನ್ನೊಬ್ಬನ ತಲೆಯ ಮೇಲೆ ಇಳಿಸುವುದು ದಾಸೋಹವಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದನ್ನು ಬಿಡದಿರುವುದೇ ಧರ್ಮವೆಂದು ಭಾವಿಸಲಾಗದು. ಮತ್ತೆ ಮತ್ತೆ ಕೆಡುವ ಯಂತ್ರಕ್ಕೆ ಮತ್ತೆ ಮತ್ತೆ ಹಣವನ್ನು ಸುರಿಯುವವನು ಸಂತೃಪ್ತನಲ್ಲ, ಹಟಮಾರಿ. ಒಳಗಿನಿಂದ ಸುಟ್ಟ ವಾಸನೆ ಬರುವ ಯಂತ್ರವನ್ನು ಉಳಿತಾಯದ ಹೆಸರಿನಲ್ಲಿ ನಡೆಸುವವನು ಮನೆಗೇ ಅಪಾಯವನ್ನು ತರುತ್ತಾನೆ. ಕಣ್ಣು ಮಂದವಾದ ಹಿರಿಯರಿಗೆ ದೊಡ್ಡ ಪರದೆಯೇ ನಿಜವಾದ ಅಗತ್ಯವಾಗಿದ್ದು, ಸಾಲವಿಲ್ಲದೆ ಅದನ್ನು ತರಲು ಸಾಧ್ಯವಾದರೆ ತರುವುದರಲ್ಲಿ ದೋಷವಿಲ್ಲ. ಆದರೆ ಅಜ್ಜಿಯ ಹೆಸರನ್ನು ಹೇಳಿ ತನ್ನ ಆಸೆಯನ್ನು ತೀರಿಸಿಕೊಳ್ಳುವವನು ಎರಡು ತಪ್ಪುಗಳನ್ನು ಮಾಡುತ್ತಾನೆ: ಒಂದು ದುಂದು, ಇನ್ನೊಂದು ಸುಳ್ಳು. ಅಜ್ಜಿಗೆ ಏನು ಬೇಕೆಂಬುದನ್ನು ಅಜ್ಜಿಯನ್ನೇ ಕೇಳಬೇಕಲ್ಲವೇ?

ಆ ಉಪಾಧ್ಯಾಯರ ಮನೆಯಲ್ಲಿ ಕೊನೆಗೆ ಕೇಳಿದರು. “ನನಗ್ಯಾಕಪ್ಪಾ ಗೋಡೆ ತುಂಬ ಟಿ.ವಿ.? ಕುರ್ಚಿ ಒಂದೀಟು ಮುಂದಕ್ಕೆ ಹಾಕು, ಸಾಕು,” ಎಂದಳು ಅಜ್ಜಿ. ಟಾರ್ಚಿನ ಬೆಳಕಿನಲ್ಲಿ ಚಿತ್ರದ ನೆರಳು ಕಂಡಿತು, ಬ್ಯಾಕ್‌ಲೈಟು ಬದಲಾಯಿತು. ಬೆಳಕಿನ ಪ್ರಮಾಣವನ್ನು ಸ್ವಲ್ಪ ಇಳಿಸಿಟ್ಟುಕೊಂಡರೆ ಹೊಸ ಪಟ್ಟಿಯು ಹೆಚ್ಚು ಕಾಲ ಬಾಳುತ್ತದೆಂದು ದುರಸ್ತಿಯವನು ಹೇಳಿಹೋದನು. ಮಗನು ತನ್ನ ಮೊದಲನೆಯ ಕಂತಿಗೆಂದು ತೆಗೆದಿರಿಸಿದ್ದ ಹಣವು ಹಾಗೆಯೇ ಉಳಿಯಿತು.

ಉಳಿದ ಹಣದಲ್ಲಿ ಕೊನೆಯ ಪರೀಕ್ಷೆಯಿದೆ. ಅದು ಮತ್ತೊಂದು ಆಸೆಯ ಬಾಯಿಗೆ ಬಿದ್ದರೆ ಮಾಡಿಸಿದುದು ದುರಸ್ತಿಯಾಯಿತೇ ಹೊರತು ಧರ್ಮವಾಗಲಿಲ್ಲ. ಮಾರಯ್ಯ ಲಕ್ಕಮ್ಮರ ಮನೆಯಲ್ಲಿ ನಿತ್ಯದಷ್ಟೇ ಅಕ್ಕಿಯು ದಾಸೋಹಕ್ಕೆ ಸಾಕಾಯಿತು. ಸಾಕೆಂದವರ ಮನೆಯಲ್ಲಿಯೇ ಇನ್ನೊಬ್ಬರಿಗೆ ಬಡಿಸಲು ಉಳಿಯುತ್ತದೆ. ತನ್ನ ಬೇಕುಗಳಿಗೆ ಎಲ್ಲೆಯನ್ನು ಹಾಕಿಕೊಂಡವನ ಮನೆಯಿಂದ ಓದುವ ಹುಡುಗನೊಬ್ಬನ ಪುಸ್ತಕಕ್ಕೋ, ಹಸಿದವನೊಬ್ಬನ ಊಟಕ್ಕೋ ಒಂದು ಪಾಲು ಹೊರಟಿತಾದರೆ, ಆ ಸಂಜೆ ಕತ್ತಲಾದ ಪರದೆಯು ಮನೆಗೆ ಬೆಳಕನ್ನೇ ತಂದಿತೆನ್ನಬೇಕು.