ಕಾಣುವ ಬೆಸುಗೆ

ಪಿಂಗಾಣಿ ಟೀಪಾಟಿನ ಮುಚ್ಚಳದ ಹಿಡಿ ಮುರಿದರೂ ಅದರೊಳಗೆ ಚಹಾ ನಿಲ್ಲುತ್ತದೆ, ಮೂತಿಯಿಂದ ಸರಾಗವಾಗಿ ಬೀಳುತ್ತದೆ. ಆದರೂ ಇಡೀ ಪಾತ್ರೆ ಕೆಟ್ಟಿತು ಎನ್ನುತ್ತೇವೆ. ಬೆರಳ ತುದಿಯಷ್ಟು ಕೊರತೆಗೆ ಪೂರ್ತಿ ವಸ್ತುವನ್ನೇ ತಳ್ಳಿಹಾಕುವುದು ನ್ಯಾಯವೇ?

ಹೊಸದು ಅಗ್ಗ ಎನ್ನುವುದು ಸುಲಭದ ಉತ್ತರ. ಆ ಬೆಲೆಯಲ್ಲಿ ಒಂದು ಲೆಕ್ಕ ಬಿಟ್ಟುಹೋಗಿದೆ. ಒಣಗಿದ ಹಸಿಮಣ್ಣನ್ನು ನೀರಿಗೆ ಹಾಕಿದರೆ ಮತ್ತೆ ಜೇಡಿಯಾಗುತ್ತದೆ; ಆವಗೆಯಲ್ಲಿ ಸುಟ್ಟ ಮಣ್ಣು ಹಾಗೆ ಕರಗದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ನಡೆದ ಉತ್ಖನನದಲ್ಲಿ ಸುಮಾರು 2000 ವರ್ಷ ಹಳೆಯ ಮಡಕೆಚೂರುಗಳು ಸಿಕ್ಕವು. ನಾವು ಎಸೆದದ್ದೂ ಅಷ್ಟೇ ಕಾಲ ಉಳಿದೀತು.

ಹಾಗಾದರೆ ಮಣ್ಣಿನಲ್ಲೇ ಹೊಸ ಹಿಡಿ ಮಾಡೋಣ ಎಂದುಕೊಳ್ಳಿ. ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ಶೇ. 10ರಷ್ಟು ಕುಗ್ಗುವ ಮಣ್ಣಾದರೆ, 27 ಮಿಲಿಮೀಟರಿನ ಹಿಡಿಗೆ 30 ಮಿಲಿಮೀಟರಿನದನ್ನು ಮಾಡಬೇಕು. ಮುರಿದ ಜಾಗದ ಅಳತೆಯ ಜೊತೆಗೆ ಮಣ್ಣಿನ ಗುಣವನ್ನೂ ತಿಳಿದಿರಬೇಕು. ನಮಗೆ ಬೇಕಾದ್ದನ್ನು ವಸ್ತುವಿನ ಮೇಲೆ ಹೇರುವ ಮೊದಲು ಅದಕ್ಕೆ ಏನು ಬೇಕೆಂದು ನೋಡುವ ಅಭ್ಯಾಸ ಹೀಗೆ ಕೈಗೆ ಬರುತ್ತದೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಹೊಸ ಭಾಗ ಹಳೆಯದರಂತೆಯೇ ಕಾಣಬೇಕೇ? ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಸೇರಿಸಿದ ಭಾಗ ಇಡೀ ಕಟ್ಟಡಕ್ಕೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತು ಸಿಗಬೇಕು ಎನ್ನುತ್ತದೆ. ಇಲ್ಲದಿದ್ದರೆ ಇತಿಹಾಸವೇ ಸುಳ್ಳಾಗುತ್ತದೆ. ಜಪಾನಿನ ಯೋಬಿತ್ಸುಗಿಯಲ್ಲಿ ಒಡೆದ ಬಟ್ಟಲಿನ ಕಳೆದ ಭಾಗಕ್ಕೆ ಬೇರೊಂದು ಪಾತ್ರೆಯ ಚೂರನ್ನು ಕೂರಿಸುತ್ತಾರೆ. ಬಣ್ಣ ಬೇರೆ, ಚಿತ್ತಾರ ಬೇರೆ, ಬಟ್ಟಲು ಒಂದೇ.

ಆದರೆ ತೋರಿಸುವುದರಲ್ಲೂ ಅಪಾಯವಿದೆ. ಬಿರುಕಿಗೆ ಚಿನ್ನದ ಪುಡಿ ಹಚ್ಚುವ ಕಿಂತ್ಸುಗಿಯ ಅಂದಕ್ಕೆ ಮರುಳಾಗಿ, ಗಟ್ಟಿಯಾಗಿರುವ ಬಟ್ಟಲನ್ನೇ ಬೇಕೆಂದು ಒಡೆದರೆ ಅದು ದುರಸ್ತಿಯಲ್ಲ, ಅಲಂಕಾರ. ಅಲ್ಲಿ ಬಟ್ಟಲಿನ ಅಗತ್ಯ ಮರೆತುಹೋಗಿ ನಮ್ಮ ಅಭಿರುಚಿ ಮುಂದೆ ಬಂದು ಕೂರುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಒಳ್ಳೆಯ ದುರಸ್ತಿಯ ಪರೀಕ್ಷೆ ಸರಳ: ಮುಚ್ಚಳ ಮತ್ತೆ ಕೈಗೆ ಬರಬೇಕು, ಕೇಳಿದವರಿಗೆ ಯಾವುದು ಹಳೆಯದು, ಯಾವುದು ಹೊಸದು ಎಂದು ಮರೆಮಾಚದೆ ಹೇಳುವಂತಿರಬೇಕು. ಕನ್ನಡದಲ್ಲಿ ಲೋಹ ಕೂಡಿಸುವುದಕ್ಕೂ ಮನಸ್ಸು ಕೂಡುವುದಕ್ಕೂ ಬೆಸುಗೆ ಎಂಬ ಒಂದೇ ಮಾತಿದೆ. ಮುರಿದು ಕೂಡಿದ ಸ್ನೇಹದಲ್ಲೂ ನಾವು ಬಯಸುವುದು ಇಷ್ಟನ್ನೇ ಅಲ್ಲವೇ? ಏನೂ ಆಗಿರಲಿಲ್ಲ ಎಂದು ನಟಿಸಬೇಕಿಲ್ಲ, ಆದದ್ದನ್ನು ದಿನವೂ ಎತ್ತಿ ತೋರಿಸಬೇಕಿಲ್ಲ.